ಹುಡೇವಿನ ಮೇಲೆ ಉಳಿದಿದ್ದ ಕೂಗು

ನೇಸರಗೊಪ್ಪದ ನಿರ್ವಾಣಯ್ಯ ಸ್ವಾಮಿಗಳಿಗೆ ಮಠವೆಂದರೆ ಹಳ್ಳದ ದಂಡೆಯ ಒಂದು ಹುಲ್ಲಿನ ಗುಡಿಸಲು, ಅಷ್ಟೇ. ದಿನವೆಲ್ಲ ಪುಂಡಿನಾರಿನ ಹಗ್ಗ ಹೊಸೆಯುತ್ತ ಕುಳಿತಿರುತ್ತಿದ್ದರು. ಪವಾಡ ಬೇಡಿ ಬಂದವರಿಗೆ ಅವರು ಕೊಡುತ್ತಿದ್ದುದು ನಾರಿನ ಇನ್ನೊಂದು ತುದಿ, ಹಿಡಿದುಕೊಳ್ಳಲು.

ಕುದುರೆ ದಂಡು ಆ ಸೀಮೆಯನ್ನು ಸುಲಿದು ಹೋಗಿ ನಾಲ್ಕು ವರ್ಷವಾಗಿತ್ತು. ಕುಸುಬಿ ಹೂ ಬಿಟ್ಟ ಒಂದು ಇಳಿಹೊತ್ತು, ಊರವರು ಫಕೀರವ್ವನನ್ನು ಮಗುವಿನೊಡನೆ ಸ್ವಾಮಿಗಳ ಬಳಿಗೆ ಕರೆತಂದರು. ಐದು ವರ್ಷದ ಆ ಮಗು ತುಟಿ ಅಲುಗಿಸಿದರೆ ಸಾಕು, ತಾಯಿಯ ಅಂಗೈ ಅದರ ಬಾಯನ್ನು ಮುಚ್ಚುತ್ತಿತ್ತು. ಮಗುವಿಗೆ ಮಾತೇ ಬಂದಿರಲಿಲ್ಲ.

ಜೊತೆಗೆ ಬಂದ ಊರಕಾವಲಿನ ತಳವಾರ ದ್ಯಾಮಣ್ಣನ ಕೈಯಲ್ಲಿ, ಹೊಡೆದು ದೆವ್ವ ಬಿಡಿಸುವ ಬೇವಿನ ಬರಲು.

"ದೆವ್ವ ಬಡದೈತ್ರಿ ಅಪ್ಪಾರ. ಇದಕ್ಕ ನಿಮ್ಮ ಹಗ್ಗ ಕೆಲಸಕ್ಕ ಬರೂದಿಲ್ಲ, ನನ್ನ ಬರಲಽ ಬೇಕು. ನಾಳೆ ಕೂಸಿನ್ನ ಬ್ಯಾರೆ ಮಾಡಿ ಈಕಿನ್ನ ಕಟ್ಟಿ ಹಾಕತೀವಿ. ಊರು ನಿಮ್ಮನ್ನೊಂದು ಮಾತು ಕೇಳೂಣು ಅಂತು, ಬಂದೆ."

ಸ್ವಾಮಿಗಳು ಅವನತ್ತ ನೋಡಲಿಲ್ಲ. ಫಕೀರವ್ವನನ್ನು ಕೇಳಿದರು:

"ದಂಡು ಬಂದಾಗ ಎಲ್ಲಿದ್ದೆವ್ವಾ?"

"ಹಗೇವಿನ್ಯಾಗ್ರಿ."

ನೆಲದೊಳಗೆ ಜೋಳ ತುಂಬಿಡುವ ಆ ಕತ್ತಲ ಕುಣಿಗಳಲ್ಲೇ ಹೆಂಗಸರು ಮಕ್ಕಳನ್ನು ಅಡಗಿಸುತ್ತಿದ್ದ ಕಾಲ. ಕಾವಲಿನ ಎತ್ತರದ ಗೋಪುರಕ್ಕೆ ಅಲ್ಲಿ ಹುಡೇವು ಎನ್ನುತ್ತಾರೆ. ತಳವಾರ ಅದರ ಮೇಲೆ ನಿಂತು, ಧೂಳು ದೂರವಾದ ಮೇಲೆ ನಾಲ್ಕೂ ದಿಕ್ಕು ನೋಡಿ ಕೂಗಬೇಕು. ಆ ಕೂಗು ಕೇಳುವ ತನಕ ಉಸಿರೂ ಗಟ್ಟಿಯಾಗಿ ಬಿಡಬಾರದೆಂಬುದು ಊರ ಕಟ್ಟಳೆ.

"ಮ್ಯಾಲ ಯಾರು ಕರದರು?"

ಫಕೀರವ್ವ ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಯಾರೂ ಕರೀಲಿಲ್ರಿ. ಕೂಸಿನ ಬಾಯಿ ಒಣಗಿತ್ತು. ನಾನಽ ಎದ್ದು ಬಂದೆ."

ದ್ಯಾಮಣ್ಣನ ಕೈಯಿಂದ ಬರಲು ಜಾರಿತು. ಮೊದಲ ಕುದುರೆ ಕಂಡೊಡನೆ ಅವನು ಹುಡೇವಿನಿಂದ ಧುಮುಕಿ ಓಡಿದ್ದ. ಎಂಟು ದಿನ ಬಿಟ್ಟು ಬಂದಾಗ ಎಲ್ಲರೂ ತಾವಾಗಿಯೇ ಮೇಲೆ ಬಂದಿದ್ದರು. ಯಾರೂ ಅವನನ್ನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಸ್ವಾಮಿಗಳು ಬೈಯಲಿಲ್ಲ. "ಆ ಕೂಗು ನಿನ್ನ ಕಡೆನಽ ಉಳದೈತಿ ತಮ್ಮಾ. ಕೊಟ್ಟು ಬಾ," ಎಂದರು.

"ನಾಕು ವರ್ಷ ಆತ್ರಿ, ಅಪ್ಪಾರ..."

"ಆಕಿಗೆ ಆಗಿಲ್ಲ."

ಎಲ್ಲರೂ ಊರಿಗೆ ನಡೆದರು, ಸ್ವಾಮಿಗಳೂ. ಬೆಳಕು ಜೇನಿನಂತೆ ದಟ್ಟವಾಗಿತ್ತು. ಕುಸುಬಿಯ ಹೊಲಗಳು ನೀರಿನೊಳಗಿನಿಂದ ಕಂಡಂತೆ ನಿಧಾನವಾಗಿ ತೂಗುತ್ತಿದ್ದವು. ಫಕೀರವ್ವ ಹಗೇವಿನ ಬಾಯಿಗೆ ಮುಚ್ಚಿದ್ದ ಕಲ್ಲಿನ ಪಕ್ಕ ನಿಂತಳು. ದ್ಯಾಮಣ್ಣ ಹುಡೇವು ಹತ್ತಿ ಮೂಡಲು ನೋಡಿದ, ತೆಂಕಲು ನೋಡಿದ, ಪಡುವಲು, ಬಡಗಲು. ಎಲ್ಲಿಯೂ ಧೂಳಿರಲಿಲ್ಲ. ಆಮೇಲೆ ಕೂಗಿದ.

"ದಂಡು ದಾಟಿ ಹೋತು! ಮ್ಯಾಲ ಬರ್ರೆವ್ವೋ!"

ಬೀದಿಬೀದಿಯಲ್ಲಿ ಒನಕೆಗಳು ನಿಂತವು. ಹಿಟ್ಟಿನ ಕೈಯವರು, ಬಾಣಂತಿಯರು, ಮುದುಕಿಯರು, ಕನಸಿನಲ್ಲಿ ನಡೆದಂತೆ ಒಬ್ಬೊಬ್ಬರಾಗಿ ಹೊಸಿಲು ದಾಟಿ ಬಂದರು. ಬಂದು, ನಿಂತಲ್ಲೇ ಕುಸಿದು ಅತ್ತರು. ಆ ಕರೆ ಕೇಳದೆ ಉಳಿದವಳು ಫಕೀರವ್ವನೊಬ್ಬಳೇ ಅಲ್ಲವೆಂದು ಆಗ ಊರಿಗೆ ತಿಳಿಯಿತು.

ಅವಳ ಅಂಗೈ ಮೆಲ್ಲಗೆ ಕೆಳಗಿಳಿಯಿತು. ಮಗು ತಾಯಿಯ ಮುಖ ನೋಡಿತು, ಆಮೇಲೆ ಕಿಟಾರನೆ ಕಿರುಚಿತು. ಅದಕ್ಕೆ ಮಾತಿರಲಿಲ್ಲ, ಅರ್ಥವಿರಲಿಲ್ಲ. ಯಾರೂ ಸುಮ್ಮನಿರಿಸಲಿಲ್ಲ.

ಫಕೀರವ್ವ ಹುಡೇವಿನ ಬುಡಕ್ಕೆ ಹೋಗಿ ಕತ್ತೆತ್ತಿದಳು. "ಯಣ್ಣಾ, ಭಾಳ ತಡಾ ಮಾಡಿದಿ. ಇಳದು ಬಾ, ರೊಟ್ಟಿ ಬಡೀತೀನಿ."

ಮರುದಿನದಿಂದ ಎಲ್ಲವೂ ಸರಿಹೋಯಿತೆಂದು ಬರೆದರೆ ಸ್ವಾಮಿಗಳೇ ನಕ್ಕಾರು. ಗೊರಸಿನ ಸದ್ದಿಗೆ ಫಕೀರವ್ವ ಕಡೆಯವರೆಗೂ ನಡುಗುತ್ತಿದ್ದಳು. ಆದರೆ ಕೈ ಮಗುವಿನ ಬಾಯಿಗೆ ಹೋಗುತ್ತಿರಲಿಲ್ಲ.

ಊರು ಈಗ ದ್ಯಾಮಣ್ಣನವರೆಂದು ಕರೆಯುತ್ತಿದ್ದ ಆ ತಳವಾರರು ಆ ಚಳಿಗಾಲ ಸ್ವಾಮಿಗಳ ಪಾದಕ್ಕೆ ಹಣೆ ಹಚ್ಚಿ ಹೊರಟರು. ತಳವಾರರು ಸತ್ತುಹೋಗಿದ್ದ ಊರುಗಳನ್ನೆಲ್ಲ ಹುಡುಕಿ, ಒಂದೊಂದು ಹುಡೇವನ್ನೂ ಹತ್ತಿದರು. ಒಂದೂರಿನಲ್ಲಿ ಕೇಳುವವರೇ ಉಳಿದಿರಲಿಲ್ಲವಂತೆ. ಅಲ್ಲಿಯೂ ಅವರು ನಾಲ್ಕೂ ದಿಕ್ಕು ನೋಡಿ, ಕೂಗಿಯೇ ಇಳಿದರಂತೆ.