ಅಗ್ಗದ ವಿಮಾನ, ಅಗ್ಗದ ಮಂಟಪ

ಕಲ್ಯಾಣ ಮಂಟಪದ ಮಾಲೀಕ ರುದ್ರಮುನಿಯಪ್ಪನವರು ಟ್ರಾವೆಲ್ಸ್ ಅಂಗಡಿಗೆ ನುಗ್ಗಿ ಮೇಜು ಗುದ್ದಿದರು. ಅಂಗಡಿಯ ಕಟ್ಟಡವೂ ಅವರದೇ, ಹಾಗಾಗಿ ಗುದ್ದುವ ಹಕ್ಕಿತ್ತು.

"ಅದೇ ಆಕಾಶ, ಅದೇ ದೆಹಲಿ. ಒಂದು ವಿಮಾನಕ್ಕೆ ನಾಲ್ಕು ಸಾವಿರ, ಇನ್ನೊಂದಕ್ಕೆ ಏಳು! ಯಾಕೆ ಅಂತ ಹೇಳಮ್ಮ, ಇಲ್ಲಾಂದ್ರೆ ನಾಳೆಯೇ ಅಂಗಡಿ ಖಾಲಿ ಮಾಡಿ."

ಟಿಕೆಟ್ ಬುಕ್ ಮಾಡುವ ಪಂಕಜಾ ಪರ್ಸಿನಿಂದ ರಸೀದಿಯೊಂದನ್ನು ತೆಗೆದಳು. ಹೋದ ವಾರ ಅವರ ಮಂಟಪದಲ್ಲೇ ಅವಳ ತಂಗಿಯ ಮದುವೆಯಾಗಿತ್ತು.

"ನಿಮ್ಮ ಹಾಲ್ ಬಾಡಿಗೆ ಊರಿಗೇ ಕಡಿಮೆ ಸಾರ್. ಆಮೇಲೆ ಪಾತ್ರೆಗೆ ಬೇರೆ, ಜನರೇಟರಿಗೆ ಬೇರೆ, ಕಸ ಗುಡಿಸೋದಕ್ಕೂ ಬೇರೆ. ಅಗ್ಗದ ವಿಮಾನದಲ್ಲೂ ಹಾಗೇ. ಬ್ಯಾಗಿಗೆ ಬೇರೆ, ಊಟಕ್ಕೆ ಬೇರೆ, ಕಿಟಕಿ ಸೀಟಿಗೂ ಬೇರೆ."

ಮಾಲೀಕರು ಬೆವರು ಒರೆಸಿಕೊಂಡರು.

"ಏಳು ಸಾವಿರದ್ದೇ ಕೊಡಮ್ಮ. ಆ ಅಗ್ಗದವನು ನನ್ನಂಥೋನೇ ಇರಬೇಕು."