ಒಳಗಾವಲ ಗುಡ್ಡ

ಮದ್ದನದುರ್ಗದ ಪಡುವಲ ಗುಡ್ಡದ ಮೇಲೆ ಸೂರಪ್ಪನಾಯಕನ ಗೋರಿಯಿದೆ. ಅದರ ಸುತ್ತ ಈಟಿ ಹಿಡಿದ ಹನ್ನೆರಡು ಕಲ್ಲಿನ ಕಾವಲುಗಾರರು ನಿಂತಿದ್ದಾರೆ. ಎಲ್ಲ ಕಡೆ ಕಾವಲಿನವರು ಹೊರಗೆ ನೋಡಿದರೆ, ಇಲ್ಲಿಯವರು ಬರುವವರಿಗೆ ಬೆನ್ನು ಹಾಕಿ ಗೋರಿಯನ್ನೇ ದಿಟ್ಟಿಸುತ್ತಾರೆ. ಒಡೆಯನ ಮೇಲಿನ ಭಕ್ತಿಯಿಂದ ಹಾಗೆ ನಿಂತಿದ್ದಾರೆಂದು ಗುಡ್ಡದ ಬುಡದಲ್ಲಿ ಯಾರೋ ಫಲಕ ಹಾಕಿಸಿದ್ದಾರೆ. ಭಕ್ತಿಯಂತೆ, ಭಕ್ತಿ! ಬರೆಸಿದ ಪುಣ್ಯಾತ್ಮ ಊರಿನ ಒಬ್ಬರನ್ನಾದರೂ ಕೇಳಬಾರದಿತ್ತೇ? ಒಳಗಾವಲ ಗುಡ್ಡವೆಂಬ ಹೆಸರು ಹೇಗೆ ಬಂತೆಂದು ಇಲ್ಲಿನ ಕಲ್ಲುಕುಟಿಗರ ಮನೆಗಳಲ್ಲಿ ಎಲ್ಲರಿಗೂ ಗೊತ್ತು.

ಹಿಂದೆ ಒಮ್ಮೆ ಈ ನಾಯಕನಿಗೆ, ಬದುಕಿರುವಾಗಲೇ ತನ್ನ ಗೋರಿ ಕಟ್ಟಿಸುವ ಹುಚ್ಚು ಹಿಡಿಯಿತಂತೆ. ದೂರದಿಂದ ಕಲ್ಲು ತರಿಸುವ ತಾಳ್ಮೆಯಿಲ್ಲದೆ ಊರ ಕೆರೆಯ ಏರಿಗೇ ಕೈ ಹಾಕಿದ. ಏರಿಯ ಕಲ್ಲು ಕಿತ್ತರೆ ಕೆರೆ ನಿಲ್ಲುವುದಿಲ್ಲವೆಂದು ಶಿಲ್ಪಿ ಮಾಬೋಜ ಕೈಮುಗಿದು ಹೇಳಿದ. ನಾಯಕ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮಳೆಗಾಲದಲ್ಲಿ ಏರಿ ಒಡೆದು ಕೆಳಗಿನ ಕೇರಿ ಕೊಚ್ಚಿಹೋಯಿತು. ಮಾಬೋಜನ ಒಬ್ಬಳೇ ಮಗಳು, ಹತ್ತು ವರ್ಷದ ಚೆನ್ನವ್ವ, ಆ ನೀರಿನಲ್ಲೇ ಹೋದಳು. ಇಷ್ಟಾದ ಮೇಲೆ ನಾಯಕ ಮಾಡಿದ್ದೇನು? ಜನ ರೊಚ್ಚಿಗೆದ್ದು ನಾಳೆ ತನ್ನ ಗೋರಿ ಅಗೆದಾರೆಂದು ಹೆದರಿ, ಹನ್ನೆರಡು ಕಾವಲುಗಾರರನ್ನು ಕಡೆಯಲು ಅದೇ ಮಾಬೋಜನಿಗೆ ಅಪ್ಪಣೆ ಕೊಟ್ಟ. ಮಗಳನ್ನು ಕಳೆದುಕೊಂಡವನ ಮುಂದೆ ನಿಂತು ಹೀಗೆ ಹೇಳಲು ಆ ಮನುಷ್ಯನಿಗೆ ನಾಚಿಕೆಯೂ ಆಗಲಿಲ್ಲ. ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಮಾಬೋಜ ಎದುರಾಡಲಿಲ್ಲ. ಕಡೆದ ವಿಗ್ರಹಕ್ಕೆ ಈಟಿಯ ತುದಿಯವರೆಗೂ ಹುಲ್ಲು ಸುತ್ತಿ ಸಾಗಿಸುವುದು, ಪೀಠದ ಗುಳಿಯೊಳಗೆ ಇಳಿಸಿ ಕಾಯಿಸಿದ ಸೀಸ ಹೊಯ್ಯುವುದು, ಕಣ್ಣು ತೆರೆಸುವ ದಿನವೇ ಹುಲ್ಲು ಬಿಚ್ಚುವುದು ಆ ಮನೆತನದ ಕಟ್ಟಳೆ. ನಾಯಕ ಸತ್ತು ಮಣ್ಣಾದ ಮೇಲೆ ಆ ದಿನ ಬಂತು. ಹುಲ್ಲು ಬಿಚ್ಚಿದಾಗ ಹನ್ನೆರಡು ಮುಖಗಳೂ ಗೋರಿಯ ಕಡೆಗಿದ್ದವು. ನಾಯಕನ ಮಗ ಕತ್ತಿ ಹಿರಿದು, "ತಿರುಗಿಸೋ ಇವುಗಳನ್ನು" ಎಂದು ಕೂಗಿದ.

"ಸೀಸ ಕುಡಿದ ಕಲ್ಲು ತಿರುಗುವುದಿಲ್ಲ, ಬುದ್ಧಿ," ಎಂದನಂತೆ ಮಾಬೋಜ. "ನಿಮ್ಮಪ್ಪಾಜಿ ಇದ್ದಾಗ ಅವರಿಂದ ನಮ್ಮನ್ನು ಕಾಯುವವರು ಯಾರೂ ಇರಲಿಲ್ಲ. ಈಗ ಹನ್ನೆರಡು ಮಂದಿ ಇದ್ದಾರೆ."

ನೆರೆದ ಊರೆಲ್ಲ ಅವನ ಬೆನ್ನಿಗೆ ನಿಂತಿತು. ಅವನು ಉಳಿ ಎತ್ತಿಕೊಂಡು ಒಂದೊಂದಾಗಿ ಎಲ್ಲರ ಕಣ್ಣು ತೆರೆಸಿದ. ಮರುದಿನ ಅವನ ಬಲಗೈ ಕಡಿಸಿದರು ಎನ್ನುತ್ತಾರೆ.

ಈಗ ಗುಡ್ಡ ಹತ್ತಿದವರು ಮುಂದಿನ ಸಾಲಿನ ಬೆನ್ನುಗಳ ಫೋಟೊ ತೆಗೆದು ಇಳಿದುಬಿಡುತ್ತಾರೆ. ಗೋರಿಯ ಹಿಂಬದಿಗೆ ಹೋಗಬೇಕು. ಹನ್ನೊಂದು ಮಂದಿ ಮೀಸೆಯ ಗಂಡಸರು. ತಲೆದೆಸೆಯಲ್ಲಿ ನಿಂತ ಹನ್ನೆರಡನೆಯವಳು ಹುಡುಗಿ. ಈಟಿ ಅವಳಿಗಿಂತ ಎರಡು ಮೊಳ ಉದ್ದ. ಅವಳ ಲಂಗವನ್ನು ಮಾಬೋಜ, ನೀರಿನಲ್ಲಿ ತೊಯ್ದು ಕಾಲಿಗೆ ಅಂಟಿಕೊಂಡಂತೆ ಕಡೆದಿದ್ದಾನೆ.