ಬಂಡೆಯ ಸಂದಿನ ಬೇರು

"ಗುರುಗಳೇ, ತಲೆಮಾರುಗಳಿಂದ ಗುಣ ಕೊಟ್ಟ ಮದ್ದನ್ನು ಈಗ ಪರೀಕ್ಷೆಗೆ ಒಡ್ಡುವುದು ಹಿರಿಯರಿಗೆ ಮಾಡುವ ಅವಮಾನವಲ್ಲವೇ?" ಎಂದು ಲೋಡ್ರೋ ಕೇಳಿದ. ಅವನು ಟಿಬೆಟ್ಟಿನ ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯ. ಪೇಟೆಯ ಆಸ್ಪತ್ರೆಯವರು ಅವನ ಮದ್ದೊಂದನ್ನು ಪರೀಕ್ಷಿಸೋಣವೆಂದು ಕರೆದಿದ್ದರು. ಅದಕ್ಕೇ ಅವನಿಗೆ ಸಿಟ್ಟು ಬಂದಿತ್ತು.

ಗುರುಗಳು ಕಲ್ಲಿನಲ್ಲಿ ಮೂಲಿಕೆ ಅರೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಸಿಟ್ಟನ್ನು ಬಾಗಿಲಾಚೆ ಇಟ್ಟು ಬಂದು ಕೂತುಕೋ" ಎಂದು ಕತೆ ಶುರುಮಾಡಿದರು.

ಟಿಬೆಟ್ಟಿನ ಎತ್ತರದ ಕಣಿವೆಯಲ್ಲಿ ಒಬ್ಬ ವೈದ್ಯನಿದ್ದ. ಅಲ್ಲಿಯ ಜನಕ್ಕೆ ಒಣಮಾಂಸವೂ ಇಷ್ಟ, ಬಾರ್ಲಿಯ ಹೆಂಡವೂ ಇಷ್ಟ. ಕಾಲಿನ ಹೆಬ್ಬೆರಳು ಊದಿ ಕೆಂಡವಾಗುವ ರೋಗ ಮನೆಮನೆಯಲ್ಲೂ ಇತ್ತು. ಹೊದ್ದ ಕಂಬಳಿ ತಾಕಿದರೂ ಚೀರುವಂಥ ನೋವು. ವೈದ್ಯ ಅದಕ್ಕೆ ಒಂದು ಕಹಿ ಬೇರಿನ ಗುಳಿಗೆ ಕೊಡುತ್ತಿದ್ದ. ಗುಳಿಗೆ ಮುಗಿಯುವವರೆಗೆ ಮಾಂಸ, ಹೆಂಡ ಮುಟ್ಟಬಾರದೆಂದು ಪಥ್ಯವನ್ನೂ ಹೇಳುತ್ತಿದ್ದ. ಎರಡೂ ಅವನ ಗುರು ಕಲಿಸಿದ್ದೇ. ಕುಂಟುತ್ತ ಬಂದವರು ಕುಣಿಯುತ್ತ ಹೋಗುತ್ತಿದ್ದರು. ಹೊಗಳಿಕೆಯೆಲ್ಲ ಬೇರಿಗೆ ಸಲ್ಲುತ್ತಿತ್ತು.

ಆ ಬೇರು ಸಿಗುವುದು ಕಡಿದಾದ ಬಂಡೆಯ ಸಂದಿನಲ್ಲಿ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಮೊದಲು ವೈದ್ಯನ ಹೆಂಡತಿ ತರುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಮಗಳು ಇಳಿಯತೊಡಗಿದಳು. ಅವಳು ಮೇಲೆ ಬರುವವರೆಗೂ ವೈದ್ಯ ಜೀವ ಕೈಯಲ್ಲಿ ಹಿಡಿದು ಜಪಮಾಲೆ ತಿರುಗಿಸುತ್ತಿದ್ದ. ಅವನು ಇಳಿಯುವಂತಿರಲಿಲ್ಲ, ಅವನ ಹೆಬ್ಬೆರಳೇ ಊದಿತ್ತು. ನಗಬೇಡ, ಲೋಡ್ರೋ. ಊರಿಗೆಲ್ಲ ನಾಟಿದ ಮದ್ದು ಅವನಿಗೆ ನಾಟಲಿಲ್ಲ. ಗುಣವಾದವರು ಅವನನ್ನು ಮನೆಗೆ ಕರೆದು ಒಣಮಾಂಸ ಬಡಿಸಿ, ಹೆಂಡದ ಬಟ್ಟಲು ಕೈಗಿಡುತ್ತಿದ್ದರು. ಕೊಟ್ಟ ಬಟ್ಟಲನ್ನು ಬೇಡವೆಂದರೆ ಆ ಮನೆಗೆ ಅಶುಭ ಎಂಬುದು ಅಲ್ಲಿಯ ರೂಢಿ. ವೈದ್ಯ ಯಾವ ಮನೆಗೂ ಅಶುಭ ಬಯಸಲಿಲ್ಲ. "ನನ್ನದು ಹಿಂದಿನ ಜನ್ಮದ ಕರ್ಮ" ಎಂದು ಕಾಲು ನೀವಿಕೊಳ್ಳುತ್ತಿದ್ದ.

ಒಂದು ಬೇಸಿಗೆಯಲ್ಲಿ ಬಯಲುಸೀಮೆಯಿಂದ ಡಾಕ್ಟರೊಬ್ಬರು ಬಂದರು. "ರಕ್ತದಲ್ಲಿ ಯೂರಿಕ್ ಆಮ್ಲ ಏರಿದರೆ ಈ ನೋವು ಬರುತ್ತದೆ. ನಿಮ್ಮ ಬೇರು ಅದನ್ನು ಇಳಿಸುತ್ತದೆಯೇ, ಅಳೆದು ನೋಡೋಣ. ಅರ್ಧ ಜನಕ್ಕೆ ಬೇರಿನ ಗುಳಿಗೆ. ಉಳಿದವರಿಗೆ ಅಷ್ಟೇ ಕಹಿ ಮಾಡಿದ ಹಿಟ್ಟಿನ ಗುಳಿಗೆ. ಪಥ್ಯ ಎಲ್ಲರಿಗೂ ಒಂದೇ" ಎಂದರು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?" ಎಂದು ವೈದ್ಯ ನಕ್ಕುಬಿಟ್ಟ.

ಮಗಳು ನಗಲಿಲ್ಲ. "ಅಪ್ಪಾ, ಹತ್ತಿರದ ಬೇರೆಲ್ಲ ಮುಗಿದಿದೆ. ಇನ್ನು ಹಗ್ಗ ಮುಟ್ಟದ ಕಡೆಗೆ ಇಳಿಯಬೇಕು. ಅಳೆದೇಬಿಡಲಿ" ಎಂದಳು.

ವೈದ್ಯ ಒಪ್ಪಿದ. ತನಗೆ ಮಾತ್ರ ಬೇರಿನ ಗುಳಿಗೆಯೇ ಬೇಕೆಂದು ಹಠ ಹಿಡಿದು ತೆಗೆದುಕೊಂಡ. ಕರೆದವರ ಮನೆಯ ಬಟ್ಟಲನ್ನೂ ಎಂದಿನಂತೆ ಬೇಡವೆನ್ನಲಿಲ್ಲ.

ಫಲ ತಿಳಿಯುವ ದಿನ ಊರಿಗೆ ಊರೇ ವೈದ್ಯನ ಅಂಗಳದಲ್ಲಿ ಸೇರಿತು. ಮಗಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ನಿಂತಿದ್ದಳು. ಬೇರು ಗೆದ್ದರೆ ಅವಳು ಹೊರಡಬೇಕು. ಡಾಕ್ಟರು ಒಬ್ಬೊಬ್ಬರನ್ನೇ ಕರೆದರು. ಬೇರು ತಿಂದ ಕುರುಬನಿಗೆ ಆಮ್ಲ ಇಳಿದಿತ್ತು. "ಕಂಡಿರಾ!" ಎಂದು ವೈದ್ಯ ಕೂಗಿದ. ಬೇರು ತಿಂದ ನೇಕಾರಳಿಗೂ ಇಳಿದಿತ್ತು. ಜನ ಹೋ ಎಂದು ಟೋಪಿ ಮೇಲಕ್ಕೆಸೆದರು. ಹಿಟ್ಟು ತಿಂದ ವ್ಯಾಪಾರಿಗೂ ಇಳಿದಿತ್ತು. ಹಿಟ್ಟು ತಿಂದ ಕಮ್ಮಾರನಿಗೂ ಅಷ್ಟೇ ಇಳಿದಿತ್ತು. ಈಗ ಟೋಪಿಗಳು ಕೈಯಲ್ಲೇ ಉಳಿದವು. ಕೊನೆಯವರೆಗೂ ಹಾಗೇ ಹೋಯಿತು. ಅಷ್ಟು ಜನರಲ್ಲಿ ಇಳಿಯದೆ ಉಳಿದದ್ದು ಒಬ್ಬನದೇ. ಎಲ್ಲರಿಗಿಂತ ಹೆಚ್ಚು ಕಾಲ ಆ ಬೇರು ತಿಂದ ವೈದ್ಯನದು.

ವೈದ್ಯ ತನ್ನ ಹೆಬ್ಬೆರಳನ್ನು ನೋಡಿದ. ಮಗಳ ಸೊಂಟದ ಹಗ್ಗವನ್ನು ನೋಡಿದ. "ಪಥ್ಯ! ಗುಣ ಮಾಡಿದ್ದು ಪಥ್ಯ!" ಎಂದು ಕಿರುಚಿದ. ಸೋತವನೊಬ್ಬ ಹಾಗೆ ಕುಣಿದದ್ದನ್ನು ಆ ಊರು ಕಂಡಿರಲಿಲ್ಲ. ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತ ಹೋಗಿ ಹಗ್ಗ ಬಿಚ್ಚಿದ. ಗಂಟು ಸಡಿಲವಾಗುವ ಮೊದಲೇ ಮಗಳು ಅಳುತ್ತ ನಗುತ್ತ ಅವನನ್ನು ತಬ್ಬಿಕೊಂಡಳು. ಯಾರೋ ಸಂಭ್ರಮದಲ್ಲಿ ಹೆಂಡದ ಬಟ್ಟಲು ಚಾಚಿದರು. ವೈದ್ಯ ಮೊದಲ ಸಲ ಬೇಡವೆಂದ.

ಕತೆ ಮುಗಿಯಿತು. ಲೋಡ್ರೋನ ಮುಖ ಅರಳಿತ್ತು, ಆದರೂ ಅವನು ಸೋಲೊಪ್ಪಲಿಲ್ಲ. "ಹುಡುಗಿ ಉಳಿದಳು, ಸಂತೋಷ. ಆದರೆ ಅಷ್ಟು ಕಾಲದ ನಂಬಿಕೆ ಒಂದೇ ದಿನದಲ್ಲಿ ಹೋಯಿತಲ್ಲ, ಗುರುಗಳೇ! ನಂಬಿಕೊಂಡೇ ಇದ್ದಿದ್ದರೆ ಯಾರಿಗೇನು ನಷ್ಟವಿತ್ತು?"

ಅರೆಯುವ ಕಲ್ಲಿನ ಮೇಲೆ ಗುರುಗಳ ಕೈ ಈಗ ನಿಂತಿತು.

"ಆ ಹುಡುಗಿಯ ತಾಯಿ ಸತ್ತದ್ದು ಅದೇ ಬಂಡೆಯಿಂದ ಜಾರಿ, ಆಗ ಎಲ್ಲರಿಗೂ ನಂಬಿಕೆ ಇತ್ತು."